ಪ್ಲಾಸ್ಟಿಕ್ ಮಾಡಿನ ಕೆಳಗೂ ಸಸಿ ಕೊಳೆಯುವುದೇಕೆ?

ಪ್ರಶ್ನೆ (ಶಿರಸಿ):
12 ಅಡಿ ಅಗಲ, 15 ಅಡಿ ಉದ್ದದ ಪಾಲಿಹೌಸ್. ಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್, ಎರಚಲು ಬಾರದಂತೆ ನಾಲ್ಕೂ ಬದಿಗೆ ಅದೇ. ಆಶ್ಲೇಷ ಮಳೆಯಲ್ಲಿ (ಆಗಸ್ಟ್ ಮೊದಲರ್ಧ) ಬಿತ್ತಿದ ಟೊಮೆಟೊ, ಮೆಣಸಿನಕಾಯಿ ಚೆನ್ನಾಗಿಯೇ ಹುಟ್ಟಿದವು. ಎರಡೆಲೆ ಬಿಟ್ಟ ಮೇಲೆ ಬುಡ ನೂಲಿನಷ್ಟು ಸಣ್ಣಗಾಗಿ ಮಗುಚಿ ಬೀಳುತ್ತಿವೆ. ಟ್ರೇಯಲ್ಲಿ ತೋಟದ ಮಣ್ಣು, ಗೊಬ್ಬರ ಅರ್ಧರ್ಧ. ಮಳೆನೀರು ಒಂದು ಹನಿಯೂ ಒಳಗೆ ಬರುವುದಿಲ್ಲ. ಎಲ್ಲಿ ತಪ್ಪಿದೆ?

ಉತ್ತರ (ಸಿದ್ದಾಪುರ):
ನೀರು ಒಳಗೇ ಹುಟ್ಟುತ್ತಿದೆ ಮಾರಾಯ್ರೆ. ಬೆಳಿಗ್ಗೆ ಆರಕ್ಕೆ ಪ್ಲಾಸ್ಟಿಕ್ಕಿನ ಒಳಮೈಗೆ ಕೈಯಾಡಿಸಿ. ಅಂಗೈ ಒದ್ದೆಯಾದರೆ ರಾತ್ರಿಯಿಡೀ ಆ ಬೆವರು ಟ್ರೇಗೆ ತೊಟ್ಟಿಕ್ಕಿದೆ. ಬುಡ ಕೊಳೆಸುವ ಪಿಥಿಯಂ ರೋಗಾಣುವಿಗೆ ಅಷ್ಟೇ ಸಾಕು. ಬದಿಯ ಪ್ಲಾಸ್ಟಿಕ್ ಇವತ್ತೇ ತೆಗೆದು ಬಲೆ ಕಟ್ಟಿ. ಎರಚಲಿಗೆ ಮಾಡನ್ನು ಎರಡಡಿ ಹೊರಗೆ ಚಾಚಿ. ಮಾಡಿನ ನಡು 9 ಅಡಿ, ಅಂಚು 6 ಅಡಿ ಇದ್ದರೆ ಹನಿ ಕೆಳಗೆ ಬೀಳದೆ ಪ್ಲಾಸ್ಟಿಕ್ಕಿನ ಗುಂಟ ಜಾರುತ್ತದೆ. ಟ್ರೇ ನೆಲದ ಮೇಲಿದ್ದರೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿ) ಅಟ್ಟ ಮಾಡಿ, ದಬ್ಬೆಗಳ ನಡುವೆ ಒಂದಿಂಚು ಸಂದು ಬಿಡಿ.

ತೋಟದ ಮಣ್ಣಂತೂ ಬೇಡವೇ ಬೇಡ, ರೋಗ ಬರುವುದೇ ಅದರ ಜೊತೆ. ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) 3 ಪಾಲು, ಎರೆಗೊಬ್ಬರ 1 ಪಾಲು, ಮಿಶ್ರಣದ ಕಿಲೋಗೆ 10 ಗ್ರಾಂ ಟ್ರೈಕೋಡರ್ಮಾ (ರೋಗಾಣು ತಡೆಯುವ ಉಪಕಾರಿ ಶಿಲೀಂಧ್ರ). ಟ್ರೇಯ ಒಂದೊಂದು ಗುಳಿಯಲ್ಲಿ ಒಂದೇ ಬೀಜ. ನೀರು ಬೆಳಿಗ್ಗೆ ಮಾತ್ರ. ಚಿಟಿಕೆ ಮಿಶ್ರಣ ಹಿಂಡಿದಾಗ ಬೆರಳ ಸಂದಿನಲ್ಲಿ ನೀರು ಜಿನುಗಿದರೆ ಅಂದು ಕೊಡಬೇಡಿ. ಉಳಿದ ಸಸಿಗಳ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ), ಲೀಟರ್ ನೀರಿಗೆ 3 ಗ್ರಾಂ. ಆ ಟ್ರೇಗೆ ಟ್ರೈಕೋಡರ್ಮಾ ಹಾಕಬೇಡಿ, ತಾಮ್ರ ಅದನ್ನೂ ಕುಗ್ಗಿಸಬಹುದು.

ಉತ್ತರ (ಅಂಕೋಲಾ):
ಮೇಲಿನದೆಲ್ಲ ಸರಿ. ಆದರೆ ಆಶ್ಲೇಷದಲ್ಲಿ ಬಿತ್ತುವ ಅವಸರ ಯಾಕೆ? ಮೆಣಸನ್ನು ಮಘೆ ಮಳೆಯ ಕೊನೆಗೆ (ಆಗಸ್ಟ್ ಕೊನೆ), ಟೊಮೆಟೊವನ್ನು ಹುಬ್ಬೆಯಲ್ಲಿ (ಸೆಪ್ಟೆಂಬರ್ ಮೊದಲರ್ಧ) ಬಿತ್ತಿದರೆ ಚಿತ್ತೆಯ (ಅಕ್ಟೋಬರ್ ಮಧ್ಯ) ಹೊತ್ತಿಗೆ ಎರಡೂ ನಾಟಿಗೆ ಬರುತ್ತವೆ: ಮೆಣಸಿಗೆ 40 ದಿನ, ಟೊಮೆಟೊಗೆ 25-30.

ನಾಟಿಯಾದ ಮೇಲೆ ಹಸಿರೆಲೆಯಲ್ಲೇ ಗಿಡ ಜೋತುಬಿದ್ದರೆ ಅದು ಬೇರೆ ರೋಗ. ಬುಡದ ಕಾಂಡ ಕೊಯ್ದು ನೀರಿನ ಗ್ಲಾಸಿನಲ್ಲಿ ತೂಗಿಸಿ ಹಿಡಿಯಿರಿ. ಐದು ನಿಮಿಷದಲ್ಲಿ ಹಾಲಿನ ಎಳೆಯಂಥದ್ದು ಕೆಳಗಿಳಿದರೆ ದುಂಡಾಣು ಸೊರಗು ರೋಗ. ನಮ್ಮ ಹುಳಿ ಜಂಬಿಟ್ಟಿಗೆ ಮಣ್ಣಿನಲ್ಲಿ ಇದು ಜಾಸ್ತಿ, ಔಷಧ ಹೊಡೆದು ಪ್ರಯೋಜನವಿಲ್ಲ. ನಾಟಿಗೆ 15 ದಿನ ಮೊದಲು ಚದರ ಮೀಟರಿಗೆ 200 ಗ್ರಾಂ ಕೃಷಿ ಸುಣ್ಣ ಸೇರಿಸಿ. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಬದನೆಯಾದರೆ ಸುಂಡೆ (ಕಾಡುಬದನೆ) ಗಿಡಕ್ಕೆ ಕಸಿ ಕಟ್ಟಿ.

ಪ್ರಶ್ನೆ ಕೇಳಿದವರು:
ಪಾಲಿಹೌಸಿನಿಂದ ನೇರ ಮಡಿಗೆ ನೆಡಬಹುದೇ?

ಉತ್ತರ (ಸಿದ್ದಾಪುರ):
ಬೇಡ. ಒಂದು ವಾರ ಟ್ರೇಯನ್ನು ಹೊರಗಿಡಿ, ಮೊದಲೆರಡು ದಿನ ಬೆಳಗಿನ ಬಿಸಿಲು ಮಾತ್ರ, ನೀರು ಕಮ್ಮಿ. ನಾಟಿ ಸಂಜೆ ಹೊತ್ತಿಗೆ.