ಸಹಾಯ ಬೇಕು: ಹಳೇ ಅಂಬಾಸಿಡರ್, ಕ್ರೌನ್ ಆಯಿಲ್ ಪ್ಲಗ್ ಬಿಚ್ಚುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕೋಲಾರದಿಂದ ಬರೆಯುತ್ತಿದ್ದೇನೆ. ಅಪ್ಪ ಓಡಿಸುತ್ತಿದ್ದ 1996ರ ಅಂಬಾಸಿಡರ್ ಈಗ ನನ್ನ ಕೈಯಲ್ಲಿದೆ. ಮುಳಬಾಗಿಲು ಕಡೆ ಹೋಗುವಾಗ ಸ್ಪೀಡು 50 ದಾಟಿದರೆ ಹಿಂದಿನಿಂದ ಗುಂಯ್ ಅನ್ನೋ ಸದ್ದು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಸದ್ದು ಬದಲಾಗುತ್ತದೆ. ಹಾಗಾಗಿ ಚಕ್ರದ ಬೇರಿಂಗ್‌ಗಿಂತ ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ ಒಳಗೆ ಚಕ್ರಗಳನ್ನು ತಿರುಗಿಸುವ ಹಲ್ಲುಚಕ್ರಗಳು) ಮೇಲೇ ಅನುಮಾನ ಜಾಸ್ತಿ.

ನಿನ್ನೆ ಅದರ ಆಯಿಲ್ ನೋಡೋಣ ಅಂತ ಗಾಡಿ ಕೆಳಗೆ ಮಲಗಿದೆ. ತುಂಬಿಸುವ ಪ್ಲಗ್ ಅಲ್ಲಾಡಲೇ ಇಲ್ಲ, ಅದರ ಮೂಲೆಗಳು ಸವೆದುಹೋಗಿವೆ. ಅದು ಬಿಚ್ಚುವವರೆಗೆ ಡ್ರೈನ್ ಪ್ಲಗ್ ಮುಟ್ಟುವುದಿಲ್ಲ. ಇರೋ ಆಯಿಲ್ ಇಳಿಸಿ, ಹೊಸದು ತುಂಬಲು ಆಗದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ, ಅಲ್ವಾ? ಆಯಿಲ್ ಸೋರದಂತೆ ತಡೆಯುವ ಪಿನಿಯನ್ ಸೀಲ್ ಹತ್ತಿರ ಜಿಡ್ಡೂ ಇದೆ. ಬ್ರೀದರ್ (ಆಕ್ಸಲ್ ಒಳಗಿನ ಗಾಳಿ ಹೊರಹೋಗುವ ಕಿಂಡಿ) ಕಟ್ಟಿಕೊಂಡರೂ ಹೀಗೆ ಸೋರುತ್ತದೆ, ಅದನ್ನೂ ಕ್ಲೀನ್ ಮಾಡಬೇಕು.

ಒಂದು ಗ್ಯಾರೇಜಿನಲ್ಲಿ ‘ಸುಮ್ನೆ ಓಡಿಸಿ, ಹಳೇ ಗಾಡಿ ಅಲ್ವಾ’ ಅಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ.

ಸವೆದ ಪ್ಲಗ್ ಬಿಚ್ಚಿದವರು ಹೇಗೆ ಬಿಚ್ಚಿದಿರಿ? ಜಿಎಲ್-5 ದರ್ಜೆಯ 80ಡಬ್ಲ್ಯು-90 ಗೇರ್ ಆಯಿಲ್ ಹಾಕಬೇಕು ಅಂತಿದ್ದೇನೆ. ನಮ್ಮ ಕಡೆ ಬಿಸಿಲಿಗೆ ಅದಕ್ಕಿಂತ ಗಟ್ಟಿಯಾದ 85ಡಬ್ಲ್ಯು-140 ಹಾಕಿ ನೋಡಿದವರು ಇದ್ದೀರಾ? ಹಳೇ ಆಯಿಲಿನಲ್ಲಿ ಬರೀ ಬೂದು ಬಣ್ಣದ ನುಣ್ಣನೆ ಪುಡಿ ಇದ್ದರೆ ಹೆದರಲ್ಲ, ಕಬ್ಬಿಣದ ಚೂರು ಸಿಕ್ಕರೆ ಹೌಸಿಂಗ್ (ಹೊರಕವಚ) ಬಿಚ್ಚಿಸುತ್ತೇನೆ. ಕೋಲಾರ, ಬಂಗಾರಪೇಟೆ ಸುತ್ತ ಅಂಬಾಸಿಡರ್ ಕೆಲಸ ಬಲ್ಲ ಹಳಬರು ಇದ್ದರೆ ದಯವಿಟ್ಟು ತಿಳಿಸಿ.