ಮೊಟ್ಟೆ ಕಡಿಮೆಯಾಗಿದೆ, ಚಿಪ್ಪು ಮೆತ್ತಗಾಗಿದೆ: ಪುಕ್ಕ ಉದುರುವ ಕಾಲವೋ, ಕಾಯಿಲೆಯೋ?

ಪ್ರಶ್ನೆ

ಮನೆಯ ಹಿತ್ತಲಿನಲ್ಲಿ ಆರು ಹೇಂಟೆಗಳನ್ನು ಸಾಕಿದ್ದೇನೆ. ಎಲ್ಲವಕ್ಕೂ ಎರಡು ವರ್ಷ ತುಂಬಿದೆ. ಮೂರು ವಾರಗಳ ಹಿಂದಿನವರೆಗೆ ದಿನಕ್ಕೆ ನಾಲ್ಕು ಮೊಟ್ಟೆಗಳು ತಪ್ಪದೆ ಸಿಗುತ್ತಿದ್ದವು; ಈಗ ಒಂದೋ ಎರಡೋ ಸಿಕ್ಕರೆ ಹೆಚ್ಚು. ನಾಲ್ಕು ಹೇಂಟೆಗಳ ಕುತ್ತಿಗೆ ಮತ್ತು ಬೆನ್ನಿನ ಪುಕ್ಕ ಉದುರುತ್ತಿದೆ, ಆದರೂ ಅವು ಎಂದಿನಂತೆ ನೆಲ ಕೆದಕುತ್ತವೆ, ಮೇವಿನ ಪಾತ್ರೆ ಕಂಡೊಡನೆ ಓಡಿ ಬರುತ್ತವೆ. ನನ್ನ ಚಿಂತೆ ಐದನೆಯದರ ಬಗ್ಗೆ. ಕೆಂಪು ಬಣ್ಣದ ಆ ಹೇಂಟೆಯ ಪುಕ್ಕ ಉದುರಿಲ್ಲ. ಆದರೆ ಎರಡು ಬಾರಿ ಚಿಪ್ಪೇ ಇಲ್ಲದ, ತೊಗಲಿನ ಚೀಲದಂತಹ ಮೊಟ್ಟೆ ಹಾಕಿತು, ಅನಂತರ ಹತ್ತು ದಿನಗಳಿಂದ ಏನನ್ನೂ ಹಾಕಿಲ್ಲ. ಬೆಳಿಗ್ಗೆ ಗೂಡಿಗೆ ಹೋಗಿ ಬಹಳ ಹೊತ್ತು ಕುಳಿತು ಹಾಗೆಯೇ ಎದ್ದು ಬರುತ್ತದೆ. ಸಂಜೆಯಾದರೆ ಬಾಲ ಇಳಿಬಿಟ್ಟು ಮೂಲೆಯಲ್ಲಿ ನಿಲ್ಲುತ್ತದೆ. ಕಪ್ಪೆಚಿಪ್ಪಿನ ಚೂರುಗಳನ್ನು ಪ್ರತ್ಯೇಕ ಬಟ್ಟಲಿನಲ್ಲಿ ಸದಾ ಇಟ್ಟಿರುತ್ತೇನೆ. ಇದನ್ನು ವಯಸ್ಸಿನ ಪರಿಣಾಮವೆಂದು ಬಿಡಬಹುದೇ?

ಮೊದಲ ಉತ್ತರ

ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಎರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿ ನೋಡಬೇಡಿ. ಪುಕ್ಕ ಉದುರುತ್ತಿರುವ ನಾಲ್ಕು ಹೇಂಟೆಗಳು ಮೊಟ್ಟೆ ನಿಲ್ಲಿಸಿರುವುದು ಸಹಜ. ಹಗಲು ಕಿರಿದಾಗುತ್ತ ಬಂದಾಗ ಹಳೆಯ ಪುಕ್ಕ ಕಳಚಿ ಹೊಸದು ಮೂಡುತ್ತದೆ. ಪುಕ್ಕದ ಬಹುಪಾಲು ಪ್ರೋಟೀನೇ ಆಗಿರುವುದರಿಂದ, ಅದನ್ನು ಬೆಳೆಸುವ 8 ರಿಂದ 12 ವಾರಗಳ ಕಾಲ ದೇಹ ಮೊಟ್ಟೆಯ ಕೆಲಸವನ್ನು ಬದಿಗಿಡುತ್ತದೆ. ಈ ಅವಧಿಯಲ್ಲಿ ಜುಟ್ಟು ಸ್ವಲ್ಪ ಕುಗ್ಗಿ ಬಣ್ಣಗೆಡುವುದೂ ಸಹಜವೇ.

ಕೆಂಪು ಹೇಂಟೆಯ ವಿಷಯ ಹಾಗಲ್ಲ. ಒಂದು ಮೊಟ್ಟೆ ತಯಾರಾಗಲು ಸುಮಾರು 25 ತಾಸು ಬೇಕು. ಅದರಲ್ಲಿ 20 ತಾಸು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ, ಒಂದು ಚಿಪ್ಪಿಗೆ 2 ಗ್ರಾಂನಷ್ಟು ಕ್ಯಾಲ್ಸಿಯಂ ತಗಲುತ್ತದೆ. ಎಂದೋ ಒಂದು ದಿನ ಗಾಬರಿಗೊಂಡೋ ಬಿಸಿಲಿಗೆ ಬಳಲಿಯೋ ಹೇಂಟೆ ಮೆತ್ತನೆಯ ಮೊಟ್ಟೆ ಹಾಕಿದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಕ್ಯಾಲ್ಸಿಯಂ ಕಣ್ಣೆದುರಿಗೇ ಇದ್ದು, ಉಳಿದವುಗಳ ಚಿಪ್ಪು ಗಟ್ಟಿಯಾಗಿದ್ದು, ಒಂದೇ ಹೇಂಟೆ ಮತ್ತೆ ಮತ್ತೆ ಹೀಗೆ ಮಾಡಿದರೆ ತೊಂದರೆ ಮೇವಿನಲ್ಲಿಲ್ಲ, ಆ ಹೇಂಟೆಯ ಮೊಟ್ಟೆನಾಳದಲ್ಲಿದೆ ಎಂದೇ ಮೊದಲು ಸಂಶಯಪಡಬೇಕು.

ದಯವಿಟ್ಟು ಇಂದು ಕತ್ತಲಾದ ಮೇಲೆ, ಅದು ತೂಕಡಿಸುವಾಗ, ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ಪರೀಕ್ಷಿಸಿ. ಮೊಟ್ಟೆ ಹೊರಬರುವ ದ್ವಾರದ ಎರಡೂ ಬದಿಯಲ್ಲಿ ಚೂಪಾದ ಎರಡು ಎಲುಬುಗಳ ತುದಿ ಕೈಗೆ ಸಿಗುತ್ತದೆ. ಮೊಟ್ಟೆ ನಿಲ್ಲಿಸಿದ ಹೇಂಟೆಯಲ್ಲಿ ಅವು ಹತ್ತಿರ ಬಂದು ಒಂದು ಬೆರಳೂ ಹಿಡಿಸುವುದು ಕಷ್ಟ, ದ್ವಾರ ಒಣಗಿ ಕಿರಿದಾಗಿರುತ್ತದೆ. ಮೊಟ್ಟೆ ಹಾಕುವ ಹೇಂಟೆಯಲ್ಲಿ ಎರಡು ಮೂರು ಬೆರಳಿನಷ್ಟು ಅಂತರವಿದ್ದು ದ್ವಾರ ಅಗಲವಾಗಿ, ತೇವವಾಗಿರುತ್ತದೆ. ಹೋಲಿಸಿ ನೋಡಲು ಪುಕ್ಕ ಉದುರುತ್ತಿರುವ ಒಂದನ್ನೂ ಹಿಡಿದು ನೋಡಿ. ಆಮೇಲೆ ಕಾಲುಗಳ ನಡುವಿನ ಹೊಟ್ಟೆಯನ್ನು ಅಂಗೈಯಿಂದ ಮೆಲ್ಲಗೆ ಮುಟ್ಟಿ, ಒತ್ತಬೇಡಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ ಪರೀಕ್ಷೆಯ ಜೊತೆಗೆ ಇಡೀ ಗುಂಪಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಮೊಟ್ಟೆಯ ಮುಕ್ಕಾಲು ಭಾಗ ನೀರೇ ಆಗಿರುವುದರಿಂದ ನೀರಿನ ಪಾತ್ರೆ ಅರ್ಧ ದಿನ ಬರಿದಾದರೂ ಎಣಿಕೆ ಇಳಿಯುತ್ತದೆ. ರಾತ್ರಿ ದೀಪ ಹಿಡಿದು ಕೋಳಿಗಳು ಕೂರುವ ಕೋಲಿನ ತಳಭಾಗ ಮತ್ತು ಸಂದುಗಳನ್ನು ನೋಡಿ: ರಕ್ತ ಹೀರುವ ಕೆಂಪು ನುಸಿ ಹಗಲಿನಲ್ಲಿ ಅಲ್ಲಿ ಅಡಗಿರುತ್ತದೆ, ಕತ್ತಲಾದ ಮೇಲಷ್ಟೇ ಮೈಗೆ ಹತ್ತುತ್ತದೆ.

ಎಲ್ಲ ಹೇಂಟೆಗಳೂ ಎರಡು ಮೂರು ದಿನಗಳಲ್ಲಿ ಒಟ್ಟಿಗೆ ಮೊಟ್ಟೆ ನಿಲ್ಲಿಸಿದ್ದರೆ, ಸುಕ್ಕುಗಟ್ಟಿದ ಚಿಪ್ಪು, ನೀರಿನಂತಹ ಬಿಳಿಭಾಗ, ಸೀನು, ಗೊರಗೊರ ಉಸಿರು ಕಂಡಿದ್ದರೆ ನಾನು ಉಸಿರುನಾಳಕ್ಕೆ ತಗಲುವ ಸಾಂಕ್ರಾಮಿಕ ಬ್ರಾಂಕೈಟಿಸ್ ಎಂಬ ವೈರಸ್ ರೋಗವೆಂದು ಭಯಪಡುತ್ತಿದ್ದೆ. ಹಸಿರು ಹಿಕ್ಕೆ ಅಥವಾ ತಿರುಚಿದ ಕತ್ತು ಕಂಡಿದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಸಂಶಯದಿಂದ ಅದೇ ದಿನ ಪಶುವೈದ್ಯರಿಗೆ ತಿಳಿಸುತ್ತಿದ್ದೆ. ನಿಮ್ಮ ವಿವರಣೆಯಲ್ಲಿ ಅವು ಯಾವುವೂ ಇಲ್ಲ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಎರಡು ಹೇಂಟೆಗಳನ್ನು ಪರೀಕ್ಷಿಸಿದೆ. ಪುಕ್ಕ ಉದುರುತ್ತಿರುವುದರಲ್ಲಿ ಎಲುಬುಗಳ ನಡುವೆ ಒಂದು ಬೆರಳೂ ಹಿಡಿಸಲಿಲ್ಲ, ಹೊಟ್ಟೆ ಸಡಿಲವಾಗಿತ್ತು. ಕೆಂಪು ಹೇಂಟೆಯಲ್ಲಿ ಮೂರು ಬೆರಳು ಆರಾಮವಾಗಿ ಹಿಡಿಸಿದವು, ದ್ವಾರ ತೇವವಾಗಿತ್ತು. ಅದರ ಹೊಟ್ಟೆ ನೀರು ತುಂಬಿದ ಬಲೂನಿನಂತಿದೆ, ಮುಟ್ಟಿದರೆ ಬಿಸಿ. ಎದೆಯೆಲುಬು ಮಾತ್ರ ಚಾಕುವಿನ ಅಲಗಿನಂತೆ ಕೈಗೆ ತಾಗಿತು. ಪುಕ್ಕದ ಕೆಳಗೆ ಅದು ಇಷ್ಟು ಸೊರಗಿರುವುದು ನನಗೆ ತಿಳಿದೇ ಇರಲಿಲ್ಲ. ಕೋಲಿನ ಸಂದುಗಳಲ್ಲಿ ನುಸಿ ಕಾಣಲಿಲ್ಲ.

ಮೂರನೆಯ ಉತ್ತರ

ಇನ್ನು ಕಾಯಬೇಡಿ. ಮೈ ಇನ್ನೂ ಮೊಟ್ಟೆ ಹಾಕುವ ಸ್ಥಿತಿಯಲ್ಲಿದೆ, ಆದರೆ ಮೊಟ್ಟೆ ಹೊರಗೆ ಬರುತ್ತಿಲ್ಲ. ಹೊಟ್ಟೆ ಊದಿದೆ, ಎದೆ ಸೊರಗಿದೆ. ಅಂಡಾಶಯದಿಂದ ಬಿಡುಗಡೆಯಾದ ಹಳದಿಭಾಗ ಮೊಟ್ಟೆನಾಳಕ್ಕೆ ಸೇರದೆ ಹೊಟ್ಟೆಯ ಪೊಳ್ಳಿಗೆ ಬಿದ್ದು, ಅಲ್ಲಿ ಸೋಂಕು ಹತ್ತಿ ನೀರು ತುಂಬಿಕೊಂಡಾಗ ಹೀಗಾಗುತ್ತದೆ. ವರ್ಷಕ್ಕೆ ಹತ್ತಿಪ್ಪತ್ತು ಮೊಟ್ಟೆಯಿಡುವ ಕಾಡುಕೋಳಿಯಿಂದ ಮುನ್ನೂರರವರೆಗೆ ಹಾಕುವ ತಳಿಗಳನ್ನು ನಾವೇ ರೂಪಿಸಿದ್ದೇವೆ, ಅದರ ಭಾರವನ್ನು ಈ ಜೀವಗಳು ಹೊರುತ್ತಿವೆ. ಅದಕ್ಕಾಗಿಯೇ ಮೊಟ್ಟೆ ನಿಲ್ಲಿಸಿದ ಹೇಂಟೆಯ ಬಗ್ಗೆ ನಮ್ಮ ಹೊಣೆ ಹೆಚ್ಚೆಂದು ನಾನು ನಂಬುತ್ತೇನೆ.

ಇದನ್ನು ಹೇಳುವಾಗ ನನಗೆ ನೋವಿದೆ. ನನ್ನ ಬೂದು ಹೇಂಟೆಯೊಂದು ಇದೇ ರೀತಿ ಗೂಡಿನಲ್ಲಿ ಕುಳಿತು ಸುಮ್ಮನೆ ಎದ್ದು ಬರುತ್ತಿತ್ತು. ಕಾವು ಕೂರುತ್ತಿದೆಯೆಂದು ಭಾವಿಸಿ ಮೂರು ವಾರ ಕಾದೆ. ಕಾವಿಗೆ ಕೂತ ಹೇಂಟೆ ಹತ್ತಿರ ಹೋದರೆ ಪುಕ್ಕ ಉಬ್ಬಿಸಿ ಕುಕ್ಕಲು ಬರುತ್ತದೆ. ಇದು ಕೈಹಾಕಿದರೂ ಸುಮ್ಮನಿತ್ತು. ಆ ವ್ಯತ್ಯಾಸ ನನಗೆ ಹೊಳೆಯುವಷ್ಟರಲ್ಲಿ ಅದು ನಡೆಯಲಾರದಂತಾಗಿತ್ತು, ಉಳಿಯಲಿಲ್ಲ.

ಪಕ್ಷಿಗಳನ್ನು ನೋಡುವ ಪಶುವೈದ್ಯರ ಬಳಿ ನಾಳೆಯೇ ಕರೆದೊಯ್ಯಿರಿ. ಬೇಗ ಹೋದರೆ ನೀರು ತೆಗೆದು ಉಸಿರಾಟ ಸುಗಮಗೊಳಿಸಬಹುದು, ಸೋಂಕಿಗೆ ಔಷಧ ಕೊಡಬಹುದು. ಮೊಟ್ಟೆ ಬಿಡುಗಡೆಯಾಗುವುದನ್ನೇ ಕೆಲವು ತಿಂಗಳು ತಡೆಯುವ ಹಾರ್ಮೋನನ್ನು ಚರ್ಮದಡಿ ಇಡುವ ಪದ್ಧತಿಯೂ ಇದೆ. ಆದರೆ ಕಾಯಿಲೆ ಮರುಕಳಿಸುವುದು ಸಾಮಾನ್ಯ, ಎಷ್ಟೋ ಹೇಂಟೆಗಳು ಬದುಕುವುದಿಲ್ಲ. ನೋವು ತಡೆಯಲಾಗದಷ್ಟಾದರೆ ಏನು ಮಾಡಬೇಕೆಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಿ. ಇನ್ನೊಂದು ಚಿಪ್ಪಿಲ್ಲದ ಮೊಟ್ಟೆ ಸಿಕ್ಕರೆ ಡಬ್ಬಿಯಲ್ಲಿ ಹಾಕಿ ಒಯ್ಯಿರಿ. ರಾತ್ರಿ ಬೆಚ್ಚಗಿನ ಮಂದ ಬೆಳಕಿನ ಜಾಗದಲ್ಲಿ, ನೀರು ಬಾಯಿಗೆ ಎಟಕುವಂತೆ ಇಟ್ಟು ಬೇರೆಯಾಗಿ ಮಲಗಿಸಿ. ಈ ನಡುವೆ ಅದು ತಿಣುಕುತ್ತ, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಆಗ ಬೆಳಗಿನವರೆಗೂ ತಡಮಾಡದೆ ವೈದ್ಯರಿಗೆ ಫೋನ್ ಮಾಡಿ, ಒಳಗಿನ ಮೊಟ್ಟೆಯನ್ನು ಒಡೆಯಲು ಮಾತ್ರ ಹೋಗಬೇಡಿ. ಔಷಧ ಶುರುವಾದ ಮೇಲೆ ಅದರ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದೆಂದು ವೈದ್ಯರಿಂದ ಬರೆಸಿಕೊಳ್ಳಿ.