ಅಪ್‌ಡೇಟ್: ತಂಗಿ ಡಿಗ್ರಿ ಅಡ್ಮಿಷನ್, ಕೊಪ್ಪಳ

ಪಿಯುಸಿ ಮುಗಿಸಿದ ತಂಗಿನ ಬಿಎಸ್ಸಿ ಸೇರ್ಸಾಕ ಏನೇನು ರೆಡಿ ಮಾಡ್ಕೋಬೇಕು ಅಂತ ಕೇಳಿದ್ನೆಲ್ರಿ, ನೀವು ಹೇಳಿದಂಗ ಡಿಗ್ರಿ ಅಡ್ಮಿಷನ್ನಿನ ಸರ್ಕಾರಿ ವೆಬ್‌ಸೈಟ್ ಯುಯುಸಿಎಂಎಸ್‌ನಾಗ ರಿಜಿಸ್ಟರ್ ಮಾಡಿದ್ವಿ. ಹೆಸರು ಮಾರ್ಕ್ಸ್ ಕಾರ್ಡ್‌ನಾಗ ಒಂಥರಾ ಆಧಾರ್‌ನಾಗ ಒಂಥರಾ ಇತ್ತು, ಸರಿ ಮಾಡ್ಸೋದ್ರಾಗ ಭಾಳ ಟೈಮ್ ಹೋತು, ನಿಮ್ಮ ಮನ್ಯಾಗ ಪಿಯುಸಿ ಹುಡುಗ್ರು ಇದ್ರ ಈಗ್ಲೇ ನೋಡ್ಕೊಳ್ರಿ. ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿನ್ಯಾಗ ಸಿಕ್ತು, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಸ್ಕಾಲರ್‌ಶಿಪ್‌ಗೂ ಅದು ಬೇಕು. ಕಲ್ಯಾಣ ಕರ್ನಾಟಕದವ್ರಿಗೆ ಮೀಸಲಾತಿ ಸಿಗಾಕ ಬೇಕಾಗೋ 371ಜೆ ಸರ್ಟಿಫಿಕೇಟ್‌ಗೂ ಅರ್ಜಿ ಹಾಕೀವಿ, ಎಸಿ (ಉಪವಿಭಾಗಾಧಿಕಾರಿ) ಸಾಹೇಬ್ರ ಸಹಿ ಆಗಿ ಬರ್ಬೇಕು, ನಮ್ಮ ಭಾಗದ ಹುಡುಗ್ರು ಇದನ್ನ ಬಿಡ್ಲೇಬಾರ್ದ್ರಿ, ಮುಂದ ನೌಕರಿಗೂ ಬೇಕಾಗ್ತೈತಿ. 2024ರಿಂದ ಡಿಗ್ರಿ ಮತ್ತ ಮೂರು ವರ್ಷದ್ದು ಆಗೇತಿ ಅಂತ ಒಬ್ರು ಹೇಳಿದ್ದು ಖರೇನ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತಗೋತಾಳ. ಇನ್ನ ಟಿಸಿ ಕೊಟ್ಟು ಫೀ ಕಟ್ಟೋದು ಉಳದೈತಿ, ಒರಿಜಿನಲ್ ಕೊಡೂಕಿಂತ ಮೊದ್ಲು ಎಲ್ಲಾದ್ರದೂ ಜೆರಾಕ್ಸ್ ತಗೊಂಡೀವಿ.